ಆವಕದ ಸೀಲಮ್ಮ

ಆ ಕಚೇರಿಯ ಮೂರನೇ ಕಿಟಕಿಯಿಂದ ಯಾರಾದರೂ ನಗುತ್ತಾ ವಾಪಸಾಗಿದ್ದರೆ ಅವರು ಕಿಟಕಿ ತಪ್ಪಿ ನಿಂತವರೇ ಇರಬೇಕು. ಮೂರನೇ ಕಿಟಕಿ ಸೀಲಮ್ಮನದು. ಮನೆಯ ಕಾಗದ, ಅಂಗಡಿಯ ಕಾಗದ, ಚರಂಡಿ ಕಟ್ಟಿಕೊಂಡಿದೆ ಎಂಬ ದೂರು, ಸತ್ತವರ ಹೆಸರು ತೆಗೆಯಿರಿ ಎಂಬ ಮನವಿ, ಏನೇ ಇರಲಿ, ಆ ಕಟ್ಟಡದ ಒಳಕ್ಕೆ ಹೋಗಬೇಕಾದರೆ ಮೊದಲು ಅವಳ ಕೈಯಿಂದ ‘ಆವಕ’ ಎಂಬ ಸೀಲು ಹೊಡೆಸಿಕೊಳ್ಳಬೇಕು. ಮಹಡಿಯ ಮೇಲೆ ಕೂತ ಸಾಹೇಬರು ಒಳ್ಳೆಯವರೇ ಇದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಅವಳಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದವರಿಗೆಲ್ಲ ಅವಳು ಸೀಲಮ್ಮ. ಎದುರಿಗೆ ‘ಮೇಡಂ’ ಎನ್ನುತ್ತಿದ್ದ ಜನ ಬೆನ್ನ ಹಿಂದೆ ಇನ್ನೂ ಏನೇನೋ ಅನ್ನುತ್ತಿದ್ದರು, ಅದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದಳು. ಜನ ಬೈದರೆ ಕೆಲಸ ಸರಿಯಾಗಿ ನಡೀತಿದೆ ಅಂತ ಅರ್ಥ, ಅನ್ನುವುದು ಅವಳ ಲೆಕ್ಕ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಆ ಕುರ್ಚಿಗೆ ಬಂದಾಗ ಅವಳಿಗೆ ಆವಕ ಎಂಬ ಮಾತೇ ತಿಳಿಯುತ್ತಿರಲಿಲ್ಲ. ಆಗಿನ ಹೆಡ್ ಗುಮಾಸ್ತ ವಯಸ್ಸಾದವರು, ಮೂಗಿಗೆ ನಶ್ಯ ಏರಿಸಿಕೊಂಡು ನಿಧಾನವಾಗಿ ಮಾತಾಡುವವರು. ಎರಡು ದಪ್ಪ ರಿಜಿಸ್ಟರುಗಳನ್ನು ಅವಳ ಮುಂದಿಟ್ಟರು. “ಇದು ಆವಕ, ಇದು ಜಾವಕ. ಬರೋದು ಇದರಲ್ಲಿ, ಹೋಗೋದು ಅದರಲ್ಲಿ. ಇವು ನಮ್ಮ ಮಾತಲ್ಲಮ್ಮ. ಎಲ್ಲೋ ಬೇರೆ ಭಾಷೆಯವರು ಬರೋದಕ್ಕೆ ‘ಆವ್’ ಅಂತಾರೆ, ಹೋಗೋದಕ್ಕೆ ‘ಜಾವ್’ ಅಂತಾರೆ. ಯಾರ ಜೊತೆಗೋ ಬಂದು ಇಲ್ಲೇ ಕೂತುಬಿಟ್ಟಿವೆ. ದಫ್ತರ ಬಂದಿದ್ದು, ಗುಮಾಸ್ತ ಬಂದಿದ್ದು, ಜವಾನ ಬಂದಿದ್ದು. ಕಚೇರೀಲಿ ಬರದೇ ಇದ್ದಿದ್ದು ಯಾವ್ದಿದೆ ಹೇಳು?” ಅಂದು ನಕ್ಕಿದ್ದರು. ಆಮೇಲೆ ಒಂದು ಮಾತು ಸೇರಿಸಿದರು. “ನೆನಪಿಟ್ಕೋ. ಬಂತು ಅಂದ್ರೆ ಬಂತು. ಬಂದಿದ್ದನ್ನ ಬರ್ಕೊಳೋದಷ್ಟೇ ನಮ್ಮ ಕೆಲಸ.”

ಸೀಲಮ್ಮ ಮೊದಲರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡಳು. ಎರಡನೇ ಅರ್ಧವನ್ನು ತನಗೆ ಬೇಕಾದ ಹಾಗೆ ತಿದ್ದಿಕೊಂಡಳು. ಹೆಡ್ ಗುಮಾಸ್ತರು ನಿವೃತ್ತರಾಗುವ ಹೊತ್ತಿಗೆ ಅವಳ ಕಿಟಕಿಯ ನಿಯಮ ಬೇರೆಯೇ ಆಗಿತ್ತು. ಕಾಗದ ಚೀಲದಲ್ಲಿದ್ದರೆ ಬಂದ ಹಾಗಲ್ಲ, ಕೈಯಲ್ಲಿದ್ದರೆ ಬಂದ ಹಾಗಲ್ಲ, ಕಿಟಕಿಯ ಮರದ ಮೇಲೆ ಇಟ್ಟರೂ ಬಂದ ಹಾಗಲ್ಲ. ಸೀಲು ಬಿದ್ದರೆ ಬಂತು. ಒಂದು ಕಾಲಂ ಖಾಲಿ ಬಿಟ್ಟಿದ್ದರೆ ಕಾಗದ ವಾಪಸ್. ಸಂಜೆ ಐದು ಹೊಡೆದ ಕೂಡಲೇ ರಿಜಿಸ್ಟರಿನಲ್ಲಿ ಆ ದಿನದ ಕೊನೆಯ ನಂಬರಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ. ಗೆರೆ ಎಳೆದ ಮರುಕ್ಷಣ ಹೆಬ್ಬೆರಳಿನಿಂದ ಸೀಲಿನ ಪುಟ್ಟ ಗಾಲಿ ತಿರುಗಿಸಿ ಮರುದಿನದ ತಾರೀಖು, ಬೆಳಿಗ್ಗೆ ಮತ್ತೆ ಒಂದನೇ ನಂಬರಿನಿಂದ ಶುರು. ಬೇರೆ ಕಚೇರಿಗಳಲ್ಲಿ ಬೇಕಾದವರಿಗೆ ಗೆರೆಯ ಮೇಲೆ ‘ಎ’ ಎಂದು ಸೇರಿಸಿ ನಂಬರು ಕೊಡುತ್ತಾರಂತೆ, ೨೧೪-ಎ, ೨೧೪-ಬಿ ಅಂತ. ಅದನ್ನು ಅವಳು ಕಳ್ಳ ನಂಬರು ಅನ್ನುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕಳ್ಳ ನಂಬರು ಅವಳ ಪುಸ್ತಕದಲ್ಲಿ ಇರಲಿಲ್ಲ.

ಪಕ್ಕದ ಸ್ಟೂಲಿನ ಮೇಲೆ ಕೂರುವ ಜವಾನ, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವವನು, ಅವಳಿಗೆ ಹೆದರದ ಒಬ್ಬನೇ ಮನುಷ್ಯ. “ಆವಕ ಅಂದ್ರೆ ಬೇರೇನಲ್ಲ ಮೇಡಂ, ‘ಆವ ಕಡೆಯದು’ ಅಂತ ಹಳೇ ಕಾಲದವರು ಕೇಳ್ತಿದ್ರಲ್ಲ, ಅದರ ಬಾಲ ಬಿದ್ದುಹೋಗಿದೆ” ಅನ್ನುತ್ತಿದ್ದ. ಇನ್ನೊಂದು ದಿನ, “ನಿಮ್ಮ ಆವಕ ನೋಡಿ ಜನ ಅವಾಕ್ಕಾಗ್ತಾರೆ” ಅನ್ನುತ್ತಿದ್ದ. ಎರಡಕ್ಕೂ ಅವಳು ನಗುತ್ತಿರಲಿಲ್ಲ. ಆ ಮಾತಿನ ಹುಟ್ಟು ತನ್ನೊಬ್ಬಳಿಗೇ ಗೊತ್ತು ಎಂಬುದು ಅವಳ ಬದುಕಿನಲ್ಲಿದ್ದ ದೊಡ್ಡ ಆಸ್ತಿ. ಬೇರೆ ಆಸ್ತಿ ಏನಿತ್ತು? ಮದುವೆ ಆಗಲಿಲ್ಲ. ಬಂದ ಸಂಬಂಧಗಳಲ್ಲಿ ಒಂದೊಂದರಲ್ಲೂ ಒಂದೊಂದು ಖಾಲಿ ಕಾಲಂ ಹುಡುಕಿ ವಾಪಸು ಕಳಿಸಿದ್ದಳು. ಉಳಿದದ್ದು ಅಪ್ಪ ಕಟ್ಟಿಸಿದ ಮನೆ, ಅದರ ಮುಂದಿನ ಕೋಣೆ.

ಆ ಮನೆಯೇ ಅವಳ ಯುದ್ಧಭೂಮಿ. ಇಪ್ಪತ್ತೆರಡು ವರ್ಷದ ಹಿಂದೆ ಅವಳ ತಮ್ಮ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಬಂದ. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಮಾತು ಕಡಿಮೆ, ನೋಟ ಜಾಸ್ತಿ. ಯಾರನ್ನೇ ನೋಡಿದರೂ ಅವರ ಕಣ್ಣಿಗೆ ಎಷ್ಟು ದಪ್ಪದ ಗಾಜು ಬೇಕು ಅಂತ ಅಳೆಯುತ್ತಿರುವವಳಂತೆ ಕಾಣುತ್ತಿದ್ದಳು. ಸೀಲಮ್ಮನಿಗೆ ಮೊದಲ ದಿನವೇ ಪಿತ್ತ ನೆತ್ತಿಗೇರಿತು. ಅವತ್ತಿನಿಂದ ಅವಳನ್ನು ಕರೆದದ್ದು ಒಂದೇ ಮಾತಿನಲ್ಲಿ: ಬಂದವಳು. “ಬಂದವಳು ಆ ಡಬ್ಬಿ ಎಲ್ಲಿಟ್ಟಳು?” “ಬಂದವಳಿಗೆ ಈ ಮನೆಯ ರೀತಿ ಹೇಗೆ ಗೊತ್ತಾಗಬೇಕು?” “ನಾನು ಈ ಮನೇಲಿ ಹುಟ್ಟಿದೋಳು. ಅವಳು ಬಂದೋಳು.” ಬಂದವಳಿಗೆ ಮಗಳು ಹುಟ್ಟಿದಳು, ಮಗಳು ಬೆಳೆದು ಮದುವೆಯಾಗಿ ಬೇರೆ ಊರಿಗೆ ಹೋದಳು, ಬಂದವಳ ತಲೆಯಲ್ಲಿ ಬಿಳಿ ಕೂದಲು ಬಂತು, ಆದರೂ ಅವಳು ಬಂದವಳೇ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಾಗದಕ್ಕೆ ಸೀಲು ಬೀಳಲೇ ಇಲ್ಲ.

ಆ ತಮ್ಮ ಈ ಇಬ್ಬರ ನಡುವೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬದುಕಿದ. ಹೋದ ವರ್ಷ ಎದೆನೋವು ಅಂತ ಮಲಗಿದವನು ಏಳಲಿಲ್ಲ. ಅವನು ಹೋದ ಮೇಲೆ ಮಾತೇ ನಿಂತಿತು. ಅಡುಗೆಮನೆಯ ಮಧ್ಯೆ ಒಂದು ಕಬ್ಬಿಣದ ಬೀರು ನಿಂತಿತ್ತು. ಒಬ್ಬಳು ಈಚೆ, ಒಬ್ಬಳು ಆಚೆ. ಏನಾದರೂ ಹೇಳಲೇಬೇಕಾದಾಗ ಇಬ್ಬರೂ ಬೀರುವಿಗೆ ಹೇಳುತ್ತಿದ್ದರು. “ಬೀರೂ, ಗ್ಯಾಸ್ ಖಾಲಿ ಆಗಿದೆ.” “ಬೀರೂ, ಕೆಲವರು ಸಂಜೆ ದೀಪ ಆರಿಸೋದು ಕಲೀಬೇಕು.” ಬೀರು ಎರಡೂ ಕಡೆಯ ಬೈಗುಳವನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿತ್ತು.

ಮನೆ ತಮ್ಮನ ಹೆಸರಿನಲ್ಲಿತ್ತು. ಈಗ ಅವನ ಹೆಂಡತಿ ಅದನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದಳು. ಅರ್ಜಿ ಹಾಕಿದ್ದೂ ಸೀಲಮ್ಮನ ಕಿಟಕಿಯಲ್ಲೇ, ಬೇರೆ ಕಿಟಕಿ ಎಲ್ಲಿದೆ? ಸೀಲಮ್ಮ ಆ ಕಾಗದವನ್ನು ನಾಲ್ಕು ಸಲ ತಿರುವಿ ಹಾಕಿ ಖಾಲಿ ಕಾಲಂ ಹುಡುಕಿದಳು. ಕನ್ನಡಕದವಳ ಕೆಲಸ, ಒಂದು ಚುಕ್ಕೆಯೂ ಬಿಟ್ಟಿರಲಿಲ್ಲ. ಹಲ್ಲು ಕಚ್ಚಿಕೊಂಡು ಸೀಲು ಹೊಡೆದಳು. ಕಚೇರಿ ನೋಟಿಸು ಹಚ್ಚಿತು: ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸಬೇಕು, ಬರದಿದ್ದರೆ ಮನೆ ಅರ್ಜಿದಾರರ ಹೆಸರಿಗೆ.

ಅಂದರೆ ಬಂದವಳ ಹೆಸರಿಗೆ. ಒಂದು ದಿನ ಅವಳಿಗೆ ಬೇಡವೆನಿಸಿದರೆ ಹುಟ್ಟಿದವಳು ಚಾಪೆ ಸುತ್ತಿಕೊಂಡು ಬೀದಿಗೆ. ಮುಂದಿನ ಕೋಣೆ ನಿನಗೇ ಅಂತ ಅಪ್ಪ ಬಾಯಲ್ಲಿ ಹೇಳಿದ್ದ, ಕಾಗದದಲ್ಲಿ ಬರೆದಿರಲಿಲ್ಲ. ಒಂದು ಆಕ್ಷೇಪಣೆ ಬಂದರೆ ವಿಚಾರಣೆ ನಡೆಯಲೇಬೇಕು, ಆಗ ಕೋಣೆಯ ಮಾತನ್ನು ದಾಖಲೆ ಮಾಡಿಸಬಹುದು. ಎರಡು ಪುಟದ ಆಕ್ಷೇಪಣೆಯನ್ನು ಅವಳು ಮೂರನೇ ದಿನವೇ ಬರೆದು ಮುಗಿಸಿದಳು. ಆದರೆ ಸಹಿಯ ಕೆಳಗೆ ಕೊನೆಯ ದಿನದ ತಾರೀಖು ಹಾಕಿ ಚೀಲದಲ್ಲಿಟ್ಟಳು, ಕೊಡಲಿಲ್ಲ. ಬೀರುವಿಗೆ ಹೇಳಿದಳು: “ಬೀರೂ, ಮೂವತ್ತು ದಿನ ಇದೆ. ಕೆಲವರು ಇಪ್ಪತ್ತೊಂಬತ್ತು ದಿನ ಖುಷಿಯಾಗಿರಲಿ.” ಕೊನೆಯ ದಿನ, ಕೊನೆಯ ನಂಬರಾಗಿ, ಐದಕ್ಕೆ ಐದು ನಿಮಿಷ ಇರುವಾಗ ತನ್ನ ಕಾಗದಕ್ಕೆ ತಾನೇ ಸೀಲು ಹೊಡೆಯಬೇಕು, ಬಂದವಳ ಹೊಟ್ಟೆ ಚೆನ್ನಾಗಿ ಉರಿಯಬೇಕು. ಇದು ಅವಳ ಯೋಜನೆ. ಬೀರುವಿನ ಆಚೆ ಪಾತ್ರೆಯ ಸದ್ದು ಸ್ವಲ್ಪ ಜೋರಾಯಿತು.

ಮೂವತ್ತನೇ ದಿನ ಸಂಜೆ ನಾಲ್ಕೂ ಮುಕ್ಕಾಲಿಗೆ ಕಿಟಕಿಯ ಮುಂದೆ ಯಾರೂ ಇರಲಿಲ್ಲ. ಸೀಲಮ್ಮ ಮೇಜಿನ ಕೆಳಗಿದ್ದ ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಒಬ್ಬ ಬಡಗಿ ಓಡಿ ಬಂದ. ತಲೆಯಲ್ಲಿ ಮರದ ಹೊಟ್ಟು, ಕೈಯಲ್ಲಿ ಅಂಗಡಿಯ ಪರವಾನಗಿ ಮುಂದುವರಿಸುವ ಅರ್ಜಿ. ಅದಕ್ಕೂ ಅಂದೇ ಕೊನೆಯ ದಿನ. ಅವಳು ಚೀಲ ಬಿಟ್ಟು ಅರ್ಜಿ ನೋಡಿದಳು.

“ಹಿಂದಿನ ಪರವಾನಗಿ ನಂಬರು ಬರ್ದಿಲ್ಲ.”

ಬಡಗಿ ಅಲ್ಲೇ ಗೋಡೆಗೆ ಕಾಗದ ಒತ್ತಿ ಬರೆದು ತಂದ.

“ಫೋಟೋ ಅಂಟು ಒಣಗಿಲ್ಲ. ಪುಸ್ತಕಕ್ಕೆ ಹತ್ಕೊಳುತ್ತೆ.”

“ಊದ್ತೀನಿ ಅಮ್ಮಾ” ಅಂತ ಅವನು ನಿಜವಾಗಿಯೂ ಊದಲು ಶುರುಮಾಡಿದ. ಜವಾನ ನಗು ತಡೆಯಲಾರದೆ ಮುಖ ತಿರುಗಿಸಿದ. ಸೀಲಮ್ಮನಿಗೆ ಉರಿದುಹೋಯಿತು. “ಇದೇನು ಒಲೆ ಅಂದ್ಕೊಂಡ್ರಾ? ನಾಳೆ ಬನ್ನಿ.”

“ನಾಳೆ ಬಂದ್ರೆ ತಡ ಆಯ್ತು ಅಂತಾರೆ. ಅಂಗಡಿ ಬಾಗಿಲು ಹಾಕಿಸ್ತಾರೆ. ನಾನು ಬಂದಿದೀನಲ್ಲಮ್ಮಾ, ನಿಮ್ಮ ಕಣ್ಣೆದುರಿಗೇ ಇದೀನಲ್ಲ!”

“ನೀವು ಬಂದಿದೀರ. ಕಾಗದ ಬಂದಿಲ್ಲ.”

“ಕಾಗದ ನನ್ನ ಕೈಯಲ್ಲೇ ಇದೆ!”

ಇಷ್ಟು ಸಾಕಿತ್ತು ಅವಳಿಗೆ. ಕುರ್ಚಿಗೆ ಒರಗಿ ಪಾಠ ಶುರುಮಾಡಿದಳು. ಆವಕ ಅಂದರೆ ಏನು, ಆ ಮಾತು ಎಲ್ಲಿಂದ ಬಂತು, ಆವ್ ಅಂದರೇನು, ಜಾವ್ ಅಂದರೇನು, ಮನುಷ್ಯ ಬರುವುದಕ್ಕೂ ಕಾಗದ ಬರುವುದಕ್ಕೂ ಏನು ವ್ಯತ್ಯಾಸ, ಚೀಲದಲ್ಲಿರುವ ಕಾಗದ ಯಾಕೆ ಇನ್ನೂ ಮನೆಯಲ್ಲೇ ಇದೆ ಅಂತ ತಿಳಿಯಬೇಕು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಬಡಗಿಯ ಮುಖ ಇಳಿಯುತ್ತಾ ಹೋದಂತೆ ಅವಳ ಗಂಟಲು ಏರುತ್ತಾ ಹೋಯಿತು. ಗಡಿಯಾರ ಐದು ಹೊಡೆಯಿತು. “ನೋಡಿ, ಮುಗೀತು” ಅಂದಳು. ಅಭ್ಯಾಸಬಲದಿಂದ ಕೆಂಪು ಗೆರೆ ಎಳೆದಳು, ಹೆಬ್ಬೆರಳಿನಿಂದ ಗಾಲಿ ತಿರುಗಿಸಿದಳು, ಕಿಟಕಿ ಹಾಕಿದಳು. ಯುದ್ಧ ಗೆದ್ದವಳ ಹಾಗೆ ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ಮನೆಗೆ ಬಂದು ಕೀಲಿಗಾಗಿ ಚೀಲ ತಡಕಿದಾಗ ಎರಡು ಪುಟದ ಕಾಗದ ಕೈಗೆ ಸಿಕ್ಕಿತು.

ಅವಳು ಬಾಗಿಲ ಮುಂದೆ ಹಾಗೇ ನಿಂತಳು. ಬೆಳಗಿನಿಂದ ಸಂಜೆಯ ತನಕ ಆ ಕಾಗದ ಕಚೇರಿಯೊಳಗೇ ಇತ್ತು. ಅವಳ ಮೊಣಕಾಲಿಗೆ ತಗಲುತ್ತಿತ್ತು. ಸೀಲಿಗೂ ಅದಕ್ಕೂ ನಡುವೆ ಒಂದು ಹಲಗೆ ಅಷ್ಟೇ. ಬಂದಿತ್ತಲ್ಲ, ಅಂದುಕೊಂಡಳು. ಬಂದೇ ಇತ್ತಲ್ಲ! ಅದೇ ಉಸಿರಿನಲ್ಲಿ ತಾನು ಬಡಗಿಗೆ ಹೇಳಿದ್ದು ನೆನಪಾಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತಾರೆ. ಸೀಲಮ್ಮ ಶಾಂತವಾಗುವ ಜಾತಿಯೂ ಅಲ್ಲ. ಬಡಗಿಯನ್ನು ಬೈದಳು, ಗಡಿಯಾರವನ್ನು ಬೈದಳು, ಸತ್ತ ತಮ್ಮನನ್ನೂ ಬಿಡಲಿಲ್ಲ. ಆ ಸಂಜೆ ಬೀರುವಿಗೆ ಅವಳು ಏನನ್ನೂ ಹೇಳಲಿಲ್ಲ. ಬೀರುವಿನ ಆಚೆ ಕಡೆ ಅದನ್ನು ಗಮನಿಸಿತು.

ಮರುದಿನ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದಳು. ರಿಜಿಸ್ಟರು ತೆರೆದಳು. ೨೧೪, ಅದರ ಕೆಳಗೆ ಕೆಂಪು ಗೆರೆ. ನಡುವೆ ಒಂದು ಸಾಲು ತೂರಿಸುವಷ್ಟು ಜಾಗ, ತೀರಾ ಸಣ್ಣ ಅಕ್ಷರವಾದರೆ. ೨೧೪-ಎ. ಸೀಲಿನ ಗಾಲಿಯ ಮೇಲೆ ಹೆಬ್ಬೆರಳಿಟ್ಟಳು.

ಜವಾನ ಬಂದವನು ಒಂದು ನೋಟದಲ್ಲೇ ವಿಷಯ ತಿಳಿದುಕೊಂಡ. ದನಿ ತಗ್ಗಿಸಿ ಹೇಳಿದ: “ತಿರುಗ್ಸಿ ಮೇಡಂ. ಒಂದು ಹಲ್ಲು ಹಿಂದಕ್ಕೆ. ಮೂವತ್ತೊಂದು ವರ್ಷಕ್ಕೆ ಒಂದು ಸಲ. ಯಾರು ನೋಡ್ತಾರೆ?”

ಗಾಲಿ ಅರ್ಧ ತಿರುಗಿತ್ತು. ಆಗ ಕಿಟಕಿಯ ಆಚೆಯಿಂದ ಯಾರೋ ಕೆಮ್ಮಿದರು. ಬಡಗಿ. ಕಚೇರಿ ತೆರೆಯುವ ಮುಂಚೆಯೇ ಬಂದು ಮೊದಲನೆಯವನಾಗಿ ನಿಂತಿದ್ದ. ಫೋಟೋ ಚೆನ್ನಾಗಿ ಒಣಗಿತ್ತು. ಅವನ ಕಣ್ಣು ಅವಳ ಮೇಜಿನ ಮೇಲಿದ್ದ ಎರಡು ಪುಟದ ಮೇಲೆ, ಅದರ ಕೆಳಗಿನ ನಿನ್ನೆಯ ತಾರೀಖಿನ ಸಹಿಯ ಮೇಲೆ, ಅವಳ ಹೆಬ್ಬೆರಳಿನ ಮೇಲೆ ನಿಧಾನವಾಗಿ ಹೋಗಿ ಬಂತು.

“ಅಯ್ಯೋ ಅಮ್ಮಾ” ಅಂದ, ನಿಜವಾದ ಸಂತೋಷದಿಂದ. “ನಿಮ್ದೂ ಬಂದಿಲ್ವಾ?”

ತಿರುಗಿಸಿದರೆ ಇವನಿಗೂ ತಿರುಗಿಸಬೇಕು. ಇವನಿಗೆ ಒಂದು ಸಲ ತಿರುಗಿಸಿದರೆ ಇಡೀ ಊರು ನಾಳೆ ಸಾಲಿನಲ್ಲಿ ನಿಂತು ನಗುತ್ತದೆ. ಬಡಗಿಯ ಬಾಯಿಗೆ ಬೀಳುವುದಕ್ಕಿಂತ ಮನೆ ಹೋದರೂ ಹೋಗಲಿ, ಅನ್ನಿಸಿತು ಅವಳಿಗೆ. ಯಾರೂ ಇದನ್ನು ಪ್ರಾಮಾಣಿಕತೆ ಎಂದು ಹೊಗಳಬೇಕಾಗಿಲ್ಲ. ಅದು ಶುದ್ಧ ಹಠ. ಗಾಲಿಯನ್ನು ಮತ್ತೆ ಮುಂದಕ್ಕೆ ತಂದಳು. ಮೊದಲು ಬಡಗಿಯ ಅರ್ಜಿಗೆ ಸೀಲು ಹೊಡೆದಳು, ಇವತ್ತಿನ ತಾರೀಖು, ನಂಬರು ಒಂದು. ಆಮೇಲೆ ತನ್ನದಕ್ಕೆ, ಇವತ್ತಿನ ತಾರೀಖು, ನಂಬರು ಎರಡು. ಎರಡರ ಮೇಲೂ ಕೆಂಪು ಶಾಯಿಯಲ್ಲಿ ‘ಅವಧಿ ಮೀರಿ ಬಂದಿದೆ’ ಅಂತ ಬರೆದಳು. ಬಡಗಿಯ ನಗು ಆರಿಹೋಯಿತು. ಅವಳು ತನ್ನ ಕಾಗದಕ್ಕೂ ಹಾಗೇ ಬರೆದದ್ದನ್ನು ನೋಡಿದ. “ಎಂಥಾ ಹೆಂಗಸಪ್ಪಾ ಇವ್ಳು!” ಅಂತ ಜವಾನನಿಗೆ ಹೇಳಿ ಮಹಡಿ ಹತ್ತಿದ, ಸಾಹೇಬರ ಕಾಲು ಹಿಡಿಯಲು.

ಹನ್ನೊಂದು ಗಂಟೆಗೆ ಬಂದವಳು ಬಂದಳು.

ಕೈಯಲ್ಲಿ ಅಂತಿಮ ಅರ್ಜಿ. ಅದರ ಹಿಂಬದಿಯಲ್ಲಿ ಆವಕ ಶಾಖೆಯವರು ಒಂದು ಷರಾ ಬರೆದು ಸಹಿ ಹಾಕಬೇಕು: ಅವಧಿಯೊಳಗೆ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಇಲ್ಲಿ ಬೀರು ಇರಲಿಲ್ಲ. ಒಂದು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಬೇಕಾಯಿತು.

“ಆಕ್ಷೇಪಣೆ ಬಂದಿದ್ಯಾ, ಅತ್ತಿಗೆ?”

ಅವಳ ನೋಟ ಸೀಲಮ್ಮನ ಮುಖದ ಮೇಲೇ ಇತ್ತು. ಮೂವತ್ತು ದಿನ ಅವಳು ಇದಕ್ಕೇ ಕಾದಿದ್ದಳು, ಊಟ ಸರಿಯಾಗಿ ಸೇರಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಸೀಲಮ್ಮ ಅದನ್ನು ಕಂಡಳು, ಕಂಡು ಒಂದು ಕ್ಷಣ ಖುಷಿಪಟ್ಟಳು ಕೂಡ.

“ಬಂದಿಲ್ಲ” ಅಂದಳು. ಕಡ್ಡಿ ಮುರಿದ ಹಾಗೆ ಅಂದಳು. ಷರಾ ಬರೆದಳು, ಸಹಿ ಹಾಕಿದಳು. ‘ಬಂದಿರುವುದಿಲ್ಲ’ ಎನ್ನುವಲ್ಲಿ ಪೆನ್ನು ಕಾಗದ ಹರಿಯುವಷ್ಟು ಒತ್ತಿತು.

ಆಮೇಲೆ ಅರ್ಜಿಯ ಮುಂಬದಿ ತಿರುಗಿಸಿದಳು, ಖಾಲಿ ಕಾಲಂ ಹುಡುಕಲು. ಈ ಸಲ ಸಿಕ್ಕಿತು. ಎರಡನೇ ಪುಟದಲ್ಲಿ ಒಂದು ಪಟ್ಟಿ ಇತ್ತು: ಮಾಲೀಕರಲ್ಲದೆ ಮನೆಯಲ್ಲಿ ವಾಸವಿರುವವರು. ಹೆಸರು, ಅಲ್ಲಿ ಸೀಲಮ್ಮನ ಹಾಜರಿ ಪುಸ್ತಕದ ಹೆಸರೇ ಇತ್ತು. ಮಾಲೀಕರಿಗೆ ಏನಾಗಬೇಕು, ಗಂಡನ ಅಕ್ಕ. ಮೂರನೆಯದು, ಈ ಮನೆಗೆ ಬಂದ ದಿನಾಂಕ. ಖಾಲಿ.

“ಒಂದು ಕಾಲಂ ಖಾಲಿ ಇದೆ. ವಾಪಸ್” ಅಂದಳು ಸೀಲಮ್ಮ.

“ಅದು ನಂಗೆ ಗೊತ್ತಿಲ್ಲ, ಅತ್ತಿಗೆ. ನಾನು ಬರೋ ಹೊತ್ತಿಗೆ ನೀವು ಇದ್ರಿ. ನೀವೇ ಬರೀರಿ. ನೀವು ಯಾವಾಗ ಬಂದ್ರಿ?”

“ನಾನು ಬಂದೋಳಲ್ಲ. ಹುಟ್ಟಿದೋಳು.”

“ಹುಟ್ಟಿದೋರು ಅಂತ ಕಾಲಂ ಇಲ್ಲ.”

“ಹಾಗಾದ್ರೆ ನನ್ನ ಹೆಸರು ಹೊಡೆದುಹಾಕು. ನಂಗೆ ನಿನ್ನ ಭಿಕ್ಷೆ ಬೇಡ.”

“ಭಿಕ್ಷೆ ಯಾರು ಕೊಟ್ರು?” ಕನ್ನಡಕದವಳ ದನಿಯೂ ಏರಿತು. ಸಾಲಿನಲ್ಲಿದ್ದವರು ಕುತ್ತಿಗೆ ಚಾಚಿದರು. “ಇಪ್ಪತ್ತೆರಡು ವರ್ಷ ನಿಮ್ಮ ಬಾಯಿ ಕೇಳಿದೀನಿ. ನಿಮ್ಮನ್ನ ಕಂಡ್ರೆ ಮೈ ಉರಿಯುತ್ತೆ. ಆದ್ರೂ ಬರ್ದಿದೀನಿ, ಅವರು ಸಾಯೋ ಮುಂಚೆ ಕೇಳ್ಕೊಂಡಿದ್ರು, ಅದಕ್ಕೆ. ಹೆಸರು ಹೊಡೆದ್ರೆ ನೀವು ಆ ಮನೇಲಿ ಇಲ್ಲ ಅಂತಾಗುತ್ತೆ. ಕಾಲಂ ಖಾಲಿ ಬಿಟ್ರೂ ಹಾಗೇ, ನಿಮ್ಮದೇ ನಿಯಮ. ಇರೋದಾದ್ರೆ ಬರೀರಿ. ಇಲ್ಲಾಂದ್ರೆ ಬಿಡಿ.”

ಸೀಲಮ್ಮ ಪೆನ್ನು ಹಿಡಿದು ಕೂತಳು. ‘ಬರುವುದು’ ಎಂಬ ಮಾತಿಗೆ ಏನು ಅರ್ಥ, ಎಲ್ಲಿಂದ ಬಂತು, ಯಾರಿಗೆ ಸಲ್ಲುತ್ತದೆ ಅಂತ ಊರಿಗೆಲ್ಲ ಪಾಠ ಹೇಳಿದವಳಿಗೆ ಆ ಮೂರು ಬೆರಳಗಲದ ಜಾಗದಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಸಿಟ್ಟಿಗೋ ಅವಮಾನಕ್ಕೋ ಅವಳ ಕಣ್ಣು ತುಂಬಿತು, ಅದನ್ನು ಯಾರೂ ನೋಡಬಾರದೆಂದು ತಲೆ ಇನ್ನಷ್ಟು ಬಗ್ಗಿಸಿದಳು. ಕೊನೆಗೆ ತನಗೆ ಗೊತ್ತಿದ್ದ ಒಂದೇ ತಾರೀಖನ್ನು ಬರೆದಳು. ಐವತ್ತೈದು ವರ್ಷದ ಹಿಂದೆ ಆ ಮನೆಯ ಒಳಕೋಣೆಯಲ್ಲಿ ತಾನು ಹುಟ್ಟಿದ ತಾರೀಖು. ಬರೆದು ಕಾಗದವನ್ನು ಕಿಟಕಿಯ ಆಚೆ ತಳ್ಳಿದಳು.

ಕನ್ನಡಕದವಳು ಅದನ್ನು ಕಣ್ಣಿನ ಹತ್ತಿರಕ್ಕೆ ತಂದು ಓದಿದಳು. ಒಂದು ಸಲ, ಮತ್ತೊಂದು ಸಲ. ನಗಲಿಲ್ಲ. ಸೀಲಿಗಾಗಿ ಕಾಗದವನ್ನು ವಾಪಸು ಒಳಗೆ ತಳ್ಳಿದಳು.

“ಹಾಗಾದ್ರೆ ನೀವೂ ಬಂದೋರೇ, ಅತ್ತಿಗೆ.”

ಸೀಲಮ್ಮ ಸೀಲನ್ನು ಶಾಯಿಗೆ ಒತ್ತಿ, ಎತ್ತಿ, ಆ ಪುಟದ ಮೇಲೆ ಹೊಡೆದಳು.